ಬುತ್ತಿ ಡಬ್ಬಿ ಹಿಡಿದು ಓಡಿದ್ದು

ನಮ್ಮ ಬ್ಯಾಡಗಿಯಲ್ಲಿ ಹೆಂಗಸರು ಏನು ಬೇಕಾದರೂ ಮಾಡಬಹುದು, ಓಡುವುದೊಂದನ್ನು ಬಿಟ್ಟು. ನಡುಬೀದಿಯಲ್ಲಿ ನಿಂತು ಜಗಳ ಕಾಯಬಹುದು, ಗಟ್ಟಿಯಾಗಿ ನಗಬಹುದು, ಮೆಣಸಿನಕಾಯಿ ಪ್ಯಾಟಿಯಲ್ಲಿ ಚೀಲದ ಮೇಲೆ ಕೂತು ದಲಾಲರ ಬಾಯಿ ಮುಚ್ಚಿಸಬಹುದು. ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಸಂಸಾರಸ್ಥ ಹೆಂಗಸೊಬ್ಬಳು ಬೆಳಗಿನ ಹೊತ್ತು ನಾಲ್ಕು ಹೆಜ್ಜೆ ಓಡಿದಳೋ, ಮುಗಿಯಿತು. ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ಓಣಿಗೆ ಓಣಿಯೇ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು ಸಹಾಯಕ್ಕೆ ಎದ್ದು ಬರುತ್ತದೆ. ಇಂಥ ಒಳ್ಳೆಯ ಜನರ ನಡುವೆ ಓಟದ ತಾಲೀಮು ಮಾಡುವುದು ಎಷ್ಟು ಕಷ್ಟ ಅನ್ನುವುದು ನನ್ನಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಇದು ತೊಂಬತ್ತರ ಆಚೀಚಿನ ಮಾತು. ನನಗೆ ಈ ಹುಚ್ಚು ಹತ್ತಿಸಿದವಳು ಶಾಹಿದಾ. ಹಾವೇರಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಓಟದಲ್ಲಿ ಯಾವಾಗಲೂ ನಾನು ಮೊದಲು, ಅವಳು ಎರಡನೆಯವಳು. ಮುಂದೆ ನಾನು ಬ್ಯಾಡಗಿಯ ದಲಾಲರ ಮನೆಗೆ ಸೊಸೆಯಾಗಿ ಬಂದು ರೊಟ್ಟಿ ಬಡಿಯುವುದರಲ್ಲಾದರೂ ಮೊದಲಿನವಳಾಗೋಣ ಎಂದು ನೋಡಿದೆ, ಆಗಲಿಲ್ಲ. ಅಲ್ಲಿ ನಮ್ಮ ಅತ್ತೆ ಇದ್ದರು. ಶಾಹಿದಾ ಹಾವೇರಿಯಲ್ಲೇ ಉಳಿದು ಹುಡುಗಿಯರಿಗೆ ಆಟ ಕಲಿಸುವ ಟೀಚರಾದಳು. ಅವಳ ಹುಡುಗಿಯರು ಗಾಳಿಗೆ ಹಾರಿದ ಹಾಗೆ ಓಡುತ್ತಿದ್ದರಂತೆ, ಆದರೆ ಶಾಲೆಯ ಕಂಪೌಂಡಿನ ಆಚೆ ಅವರಿಗೆ ಓಡಲು ಯಾರೂ ಜಾಗ ಕೊಟ್ಟಿರಲಿಲ್ಲ.

ರಾಣೆಬೆನ್ನೂರಿನ ತರುಣರ ಸಂಘವೊಂದು ಪ್ರತಿವರ್ಷ ಚಳಿಗಾಲದಲ್ಲಿ ಗುಡ್ಡದ ಓಟ ಇಡುತ್ತಿತ್ತು. ದೇವರಗುಡ್ಡದ ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ಕುರುಚಲು ಗುಡ್ಡ. ಬುಡದಲ್ಲಿ ನೀಲಗಿರಿ ತೋಪು, ಮೇಲಕ್ಕೆ ಕುರಿ ಹೋಗುವ ಹಾದಿ. ತೋಪು ಸುತ್ತು ಹಾಕಿ ಆ ಹಾದಿ ಹಿಡಿದು ತುದಿ ಮುಟ್ಟಬೇಕು. ಗಂಡಸರಿಗೆ ಮಾತ್ರ. ಶಾಹಿದಾ ಸಂಘದ ಅಧ್ಯಕ್ಷರ ಬೀಜದ ಅಂಗಡಿಯ ಮುಂದೆ ನಿಂತು ನಿಂತು, ಹೆಣ್ಣುಮಕ್ಕಳಿಗೂ ಓಟ ಇಡಿ ಎಂದು ಗಂಟುಬಿದ್ದಳು. ಅವಳ ಕಾಟ ತಾಳಲಾರದೆ ಅವರು ಒಪ್ಪಿದರು, ಆದರೆ ಒಂದು ಶರತ್ತು ಹಾಕಿದರು. ಈ ವರ್ಷ ದೊಡ್ಡ ಹೆಂಗಸರು ಓಡಿ ತೋರಿಸಲಿ. ಒಬ್ಬಳಾದರೂ ತುದಿ ಮುಟ್ಟಿದರೆ ಮುಂದಿನ ವರ್ಷದಿಂದ ಶಾಲೆಯ ಹುಡುಗಿಯರಿಗೂ ಓಟ. ಯಾರೂ ಮುಟ್ಟದಿದ್ದರೆ ಹೆಣ್ಣುಮಕ್ಕಳಿಗೆ ಗುಡ್ಡದ ಬುಡದಲ್ಲಿ ರಂಗೋಲಿ ಸ್ಪರ್ಧೆ ಇಡುವುದು, ಮತ್ತೆ ಓಟದ ಮಾತು ಎತ್ತಕೂಡದು.

ಶಾಹಿದಾಳಿಗೆ ಆಗ ಏಳು ತಿಂಗಳು. ಒಂದು ಭಾನುವಾರ ಬಸ್ಸು ಹಿಡಿದು ನಮ್ಮ ಮನೆಗೆ ಬಂದು, ನಾನು ಮಾಡಿಕೊಟ್ಟ ಗಿರಮಿಟ್ಟು ತಿಂದು, ಕೈ ತೊಳೆದುಕೊಂಡು ಹೇಳಿದಳು: "ಗಿರಿಜಾ, ನಾ ಓಡೂ ಹಂಗಿಲ್ಲ, ನೀ ಓಡಬೇಕು. ನೀ ಒಲ್ಲೆ ಅಂದ್ರ ನನ್ನ ಹುಡುಗ್ಯಾರು ಜೀವಮಾನ ಪೂರ್ತಿ ರಂಗೋಲಿ ಹಾಕ್ಕೋತ ಕುಂದರತಾರ."

ರಂಗೋಲಿಯ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಚುಕ್ಕಿಗಳು ಎಂದೂ ಸಾಲಿಗೆ ಬಂದಿಲ್ಲ ಅನ್ನುವುದೊಂದೇ ನಮ್ಮಿಬ್ಬರ ನಡುವಿನ ಮನಸ್ತಾಪ. ಆದರೆ ಅವಳ ಮುಖ ನೋಡಿ ಒಲ್ಲೆ ಎನ್ನಲಾಗಲಿಲ್ಲ. ಜೊತೆಗೆ, ನಿನ್ನಷ್ಟು ಜೋರು ಓಡುವವರನ್ನು ನಾನು ಈವರೆಗೂ ನೋಡಿಲ್ಲ ಎಂದು ಬೇರೆ ಹೇಳಿಬಿಟ್ಟಳು. ಹೊಗಳಿದರೆ ನಾನು ಬಾವಿಗೂ ಹಾರುವವಳು. ಆಯ್ತು ಎಂದೆ.

ಮರುವಾರ ಥಂಡಿಯಲ್ಲಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಬಿದ್ದೆ. ಓಣಿಯ ತುದಿ ಮುಟ್ಟಿರಲಿಲ್ಲ, ಹಾಲು ಹಾಕುವವನು ಸೈಕಲ್ಲಿಗೆ ಬ್ರೇಕು ಹಾಕಿ, ಯಾಕ್ರಿ ಅಕ್ಕಾರ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ ಎಂದು ಕೇಳಿದ. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಏನೂ ಇಲ್ಲ ಎನ್ನುವ ಅರ್ಥದಲ್ಲಿ ಕೈ ಆಡಿಸಿದೆ. ಇನ್ನೇನೂ ಉಳಿದಿಲ್ಲ ಎಂದು ಅವನು ತಿಳಿದುಕೊಂಡ. ನಾನು ಪ್ಯಾಟಿಯ ಕಡೆಯಿಂದ ಒಂದು ಸುತ್ತು ಹಾಕಿ ಏದುಸಿರು ಬಿಡುತ್ತ ಮನೆಗೆ ಬಂದರೆ ನಮ್ಮ ಕಟ್ಟೆಯ ತುಂಬ ಜನ. ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು, ಗಂಡಸರು ಟೊಪ್ಪಿಗೆ ಕೈಯಲ್ಲಿ ಹಿಡಿದಿದ್ದರು. ಅಷ್ಟರಲ್ಲಿ ನಮ್ಮ ಅತ್ತೆ ಒಳಗಿನಿಂದ ಎದ್ದು ಬಂದು, ಏನ್ರಪಾ ಇಷ್ಟ ಮಂದಿ ಎಂದು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಅವರೆಲ್ಲ ಬಂದಿದ್ದು ಅತ್ತೆಯ ಸಲುವಾಗಿಯೇ.

ನನಗೆ ಆವತ್ತು ಮಂಗಳಾರತಿ ಖಂಡಿತ ಎಂದುಕೊಂಡಿದ್ದೆ. ಅತ್ತೆ ಮಾತ್ರ ಬಂದವರಿಗೆಲ್ಲ ಚಹಾ ಕುಡಿಸಿ ಕಳಿಸಿ, ಒಲೆಯ ಮುಂದೆ ಕೂತು ನನ್ನನ್ನು ಹತ್ತಿರ ಕರೆದರು. ನಾನು ಓಡುವುದು ಅವರಿಗೆ ತಪ್ಪು ಅನಿಸಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಓಡಿದ್ದು ತಪ್ಪು ಅನಿಸಿತ್ತು. "ಸುಮ್ಮನ ಓಡಿದ್ರ ಜನ ಅಂಜತಾರ. ಕೈಯಾಗ ಏನರ ಇರಬೇಕು," ಎಂದು ಹೇಳಿ, ನಾಗೊಂದಿಗೆಯ ಮೇಲಿಂದ ಹಳೆಯ ಬುತ್ತಿ ಡಬ್ಬಿ ಇಳಿಸಿ ನನ್ನ ಕೈಗೆ ಕೊಟ್ಟರು. ಒಂದರ ಮೇಲೊಂದು ಕೂರುವ, ಹಿಡಿಕೆಯಿದ್ದ ಹಿತ್ತಾಳೆಯ ಡಬ್ಬಿ. ಡಬ್ಬಿ ಹಿಡಿದು ರೈಲು ಸ್ಟೇಷನ್ನಿನ ಕಡೆ ಓಡುವ ಹೆಂಗಸಿಗೆ ಯಾರೂ ಏನೂ ಕೇಳುವುದಿಲ್ಲ. ಗಂಡ ಬುತ್ತಿ ಮರೆತು ಗಾಡಿಗೆ ಹೋಗಿದ್ದಾನೆ, ಪಾಪ, ಹೆಂಡತಿ ಬೆನ್ನು ಹತ್ತಿದ್ದಾಳೆ, ಅಷ್ಟೇ.

ಅಂದಿನಿಂದ ನಾನು ದಿನಾ ಬೆಳಗ್ಗೆ ಖಾಲಿ ಡಬ್ಬಿ ಕುಲುಕಾಡಿಸುತ್ತ ಸ್ಟೇಷನ್ನಿಗೆ ಓಡಿದೆ. ಊರು ದಾರಿ ಬಿಟ್ಟುಕೊಟ್ಟಿತು. ಹೋಟೆಲಿನವರು, ಗಾಡಿ ಇನ್ನೂ ಬಂದಿಲ್ಲ, ಸಾವಕಾಶ ಹೋಗ್ರಿ ಎನ್ನುತ್ತಿದ್ದರು. ಸಾವಕಾಶ ಹೋದರೆ ನನ್ನ ತಾಲೀಮು ಹೇಗಾಗಬೇಕು? ನಾನು ಇನ್ನೂ ಜೋರು ಓಡುತ್ತಿದ್ದೆ. ಸ್ಟೇಷನ್ನಿನ ಹಮಾಲನೊಬ್ಬನಿಗೆ ನಾನು ದಿನಾ ಗಾಡಿ ತಪ್ಪಿಸಿಕೊಳ್ಳುವುದನ್ನು ನೋಡಿ ನೋಡಿ ಕರುಳು ಕರಗಿತು. ಒಂದು ದಿನ ನಾನು ಕಂಬ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದಾಗ, ಕೈಯಿಂದ ಡಬ್ಬಿ ಕಸಿದುಕೊಂಡು ಓಡಿಹೋಗಿ, ಹೊರಟಿದ್ದ ಗಾಡಿಯ ಗಾರ್ಡರ ಕೈಗೆ ಕೊಟ್ಟುಬಿಟ್ಟ. ಡಬ್ಬಿ ಹುಬ್ಬಳ್ಳಿ ನೋಡಿಕೊಂಡು ಸಂಜೆ ತಿರುಗಿ ಬಂತು. ಉಂಡವರು ಅನ್ನದ ಒಂದು ಅಗಳನ್ನೂ ಬಿಟ್ಟಿಲ್ಲ ಎಂದು ಹಮಾಲ ಬಹಳ ಮೆಚ್ಚಿ ಹೇಳಿದ.

ಇದರಿಂದ ಕಷ್ಟಕ್ಕೆ ಸಿಕ್ಕಿದವರು ನಮ್ಮ ಮನೆಯವರು. ಅವರು ದಿನಾ ಬೆಳಗಿನಿಂದ ಪ್ಯಾಟಿಯಲ್ಲಿ ಚೀಲಗಳ ನಡುವೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಂತಿರುತ್ತಿದ್ದರು. ಹಾಗಾದರೆ ಗಾಡಿಯಲ್ಲಿ ಬುತ್ತಿ ಹೋಗುವುದು ಯಾರಿಗೆ ಎಂದು ಅಡತಿ ಅಂಗಡಿಯವರು ಗುಸುಗುಸು ಶುರು ಮಾಡಿದರು. ಕೊನೆಗೆ ನಮ್ಮವರೇ ಬೇಸತ್ತು, ನನ್ನ ಹೆಂಡ್ತಿ ಗುಡ್ಡದ ಓಟಕ್ಕ ತಯಾರಿ ಮಾಡಾಕತ್ಯಾಳ ಎಂದು ಪ್ಯಾಟಿಯ ನಡುವೆ ನಿಂತು ಹೇಳಿದರು. ಯಾರೂ ನಂಬಲಿಲ್ಲ. ಅದೊಂದು ನೆವ ಎಂದುಕೊಂಡರು. ಆಮೇಲೆ ನಾನು ಗೋದಾಮಿನಲ್ಲಿ ಒಂದರ ಮೇಲೊಂದು ಒಟ್ಟಿದ ಮೆಣಸಿನಕಾಯಿ ಚೀಲದ ಥಪ್ಪಿ ಹತ್ತಿ ಇಳಿಯುವುದನ್ನು ಹಮಾಲರು ಕಣ್ಣಾರೆ ಕಂಡ ಮೇಲೆ ನಂಬಿಕೆ ಬಂತು. ಬ್ಯಾಡಗಿಯಲ್ಲಿ ಏರು ಬೇಕೆಂದರೆ ಇನ್ನೆಲ್ಲಿಗೆ ಹೋಗಬೇಕು? ಹತ್ತುವಾಗ ಸೀನುತ್ತಿದ್ದೆ, ಇಳಿಯುವಾಗ ಕೆಮ್ಮುತ್ತಿದ್ದೆ. ನಮ್ಮವರು ಕೆಳಗೆ ನಿಂತು, ಚೀಲ ಹರಿದೀತು, ಹಗೂರಕ ಕಾಲಿಡು ಎಂದು ಹೇಳುತ್ತಿದ್ದರು.

ಓಟದ ದಿನ ಅತ್ತೆ ತಮ್ಮ ಇಳಕಲ್ ಸೀರೆಯನ್ನು ನನಗೆ ಕಚ್ಚೆ ಹಾಕಿ ಉಡಿಸಿದರು. ನಾವು ಹೊಲದಾಗ ಹಿಂಗ ಉಟ್ಟು ಎತ್ತಿನ ಬೆನ್ನ ಹತ್ತೀವಿ, ಗುಡ್ಡ ಏನ ಮಹಾ ಎಂದರು. ಬೆಳಗಿನ ಬಸ್ಸಿಗೆ ಅತ್ತೆ, ನಮ್ಮವರು, ನಾನು ಹೊರಟೆವು. ಗುಡ್ಡದ ಬುಡದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಶಾಹಿದಾ ಮೊದಲೇ ಬಂದು ಕಲ್ಲಿನ ಮೇಲೆ ಕೂತಿದ್ದಳು. ಓಡುವ ಹೆಂಗಸರು ಐದೇ ಜನ: ಇಬ್ಬರು ನರ್ಸುಗಳು, ಒಬ್ಬಳು ಕಾಲೇಜು ಹುಡುಗಿ, ಒಬ್ಬರು ಅಂಗನವಾಡಿಯವರು, ಮತ್ತೆ ನಾನು. ಅಧ್ಯಕ್ಷರು ನಮ್ಮನ್ನು ಎಣಿಸಿ ನೋಡಿ, ನಕ್ಕು, ನಾವೇ ತುದಿಯಲ್ಲಿ ನಿಂತಿರುತ್ತೇವೆ, ಬಂದರೆ ಕಾಣೋಣ ಎಂದು ಹೇಳಿ ಜನರ ಜೊತೆ ಮೇಲೆ ಹತ್ತಿದರು.

ಸಾಲಿನಲ್ಲಿ ನಿಂತ ಮೇಲೆ ನನ್ನ ಕೈಗೆ ಏನೋ ಕಡಿಮೆ ಬಿದ್ದ ಹಾಗಾಯಿತು. ಡಬ್ಬಿ ಮನೆಯಲ್ಲಿತ್ತು. ಇಷ್ಟು ದಿನ ಏನಾದರೂ ಹಿಡಿದೇ ಓಡಿದ ಕೈ, ಈಗ ಬೀಸಲು ಗೊತ್ತಾಗದೆ ಜೋತುಬಿತ್ತು. ಸೀಟಿ ಊದುವ ಹೊತ್ತಾಗಿತ್ತು. ಪಕ್ಕದಲ್ಲಿ ನಿಂತಿದ್ದ ನಮ್ಮವರ ಹೆಗಲ ಮೇಲಿನ ಟವೆಲ್ಲು ಸರ್ರನೆ ಎಳೆದುಕೊಂಡು, ಅದನ್ನೇ ಮುಷ್ಟಿಯಲ್ಲಿ ಹಿಡಿದು ಓಡಿದೆ. ಅವರು ಹಿಂದಿನಿಂದ ಏನೋ ಕೂಗಿದರು. ಹುರಿದುಂಬಿಸುತ್ತಿದ್ದಾರೆ ಎಂದು ತಿಳಿದು ನನಗೆ ಸಂತೋಷವೇ ಆಯಿತು.

ಕಾಲೇಜು ಹುಡುಗಿ ಬಾಣದ ಹಾಗೆ ಮುಂದೆ ಹೋದಳು. ತೋಪು ಮುಗಿಯುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಮರಕ್ಕೆ ಒರಗಿದ್ದಳು. ನರ್ಸಮ್ಮಂದಿರಲ್ಲಿ ಒಬ್ಬರ ಕಾಲಿಗೆ ಜಾಲಿಮುಳ್ಳು ನೆಟ್ಟಿತು, ಇನ್ನೊಬ್ಬರು ಅದನ್ನು ಕೀಳಲು ಕೂತರು. ಅಂಗನವಾಡಿಯವರು ಏರು ಕಂಡಲ್ಲೇ ಕೈಮುಗಿದರು. ನೋಡುತ್ತಿದ್ದ ಹಾಗೇ ಗುಡ್ಡದ ಮೇಲೆ ನಾನೊಬ್ಬಳೇ ಉಳಿದೆ. ಕಾಲು ಕಡಬಿನ ಹಿಟ್ಟಾಗಿದ್ದವು. ನಾನೂ ಕೂತರೆ ಶಾಹಿದಾಳ ಹುಡುಗಿಯರ ಕತೆ ಇಲ್ಲಿಗೇ ಮುಗಿಯಿತು ಎಂದು ಗೊತ್ತಿತ್ತು, ಆದರೂ ಒಂದು ಚಪ್ಪಟೆ ಕಲ್ಲು ಕಂಡು ಮನಸ್ಸು ಬಹಳ ಹರಿಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಕೂರುವ ಮೊದಲು ಒರೆಸಿಕೊಳ್ಳೋಣ ಎಂದು ಟವೆಲ್ಲಿನಿಂದ ಮುಖ ಪೂರ್ತಿ, ಕಣ್ಣು ಸೇರಿಸಿ, ಚೆನ್ನಾಗಿ ತಿಕ್ಕಿದೆ.

ಮೆಣಸಿನಕಾಯಿ ಸುಗ್ಗಿಯಲ್ಲಿ ದಲಾಲರ ಟವೆಲ್ಲು ಎಂದರೆ ಏನೆಂದು ಬ್ಯಾಡಗಿಯ ಕೂಸಿಗೂ ಗೊತ್ತು. ನಾನು ಅದರ ಜೊತೆ ಸಂಸಾರ ಮಾಡಿದವಳು, ಆದರೂ ಆ ಗಳಿಗೆಯಲ್ಲಿ ಮರೆತೆ. ಕಣ್ಣು, ಮೂಗು, ತುಟಿ ಎಲ್ಲಕ್ಕೂ ಒಟ್ಟಿಗೇ ಬೆಂಕಿ ಬಿತ್ತು. ಯವ್ವಾ ಎಂದು ಚೀರಿದೆ. ನೀರು ಬೇಕು. ಕೆಳಗೆ ಒಂದು ಕೊಡ ಇಟ್ಟಿದ್ದರು, ತುದಿಯಲ್ಲಿ ಒಂದು ಕೊಡ. ಅರ್ಧಕ್ಕಿಂತ ಹೆಚ್ಚು ಹತ್ತಿದ್ದೆ, ಹಾಗಾಗಿ ಮೇಲಿನ ಕೊಡವೇ ಹತ್ತಿರ. ಚಪ್ಪಟೆ ಕಲ್ಲಿನ ಮೋಹ ಆವಿಯಾಗಿ ಹೋಯಿತು. ಸಂಘದವರು ಹಾದಿಗುಂಟ ಸುಣ್ಣ ಬಳಿದ ಕಲ್ಲು ಇಟ್ಟಿದ್ದರು. ನೀರು ತುಂಬಿದ ಕಣ್ಣಿಗೆ ಅವು ಎರಡೆರಡಾಗಿ ಕಾಣುತ್ತಿದ್ದವು, ನಡುವೆ ತೂರಿ ಓಡಿದೆ. ಸೀನಿದೆ, ಅಳುತ್ತಲೇ ನಮ್ಮವರನ್ನು ಹೆಸರು ಹಿಡಿದು ಬೈದೆ, ಮತ್ತೆ ಓಡಿದೆ. ಬದುಕಿನಲ್ಲಿ ಅಷ್ಟು ಜೋರಾಗಿ ನಾನು ಯಾವತ್ತೂ ಓಡಿಲ್ಲ, ಹೈಸ್ಕೂಲಿನಲ್ಲೂ ಇಲ್ಲ.

ತುದಿಯಲ್ಲಿ ನಿಂತಿದ್ದ ಜನಕ್ಕೆ ಕಂಡದ್ದು ಇಷ್ಟು: ಕಚ್ಚೆ ಉಟ್ಟ ಹೆಂಗಸೊಬ್ಬಳು ಕೆಂಪು ಮುಖ ಮಾಡಿಕೊಂಡು, ಗಳಗಳನೆ ಅಳುತ್ತ, ಟವೆಲ್ಲು ಬೀಸುತ್ತ ಮೈಮೇಲೆ ಬರುತ್ತಿದ್ದಾಳೆ. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರಂತೆ. ಆಮೇಲೆ ಸಾವರಿಸಿಕೊಂಡು ಹಾರ ತೆಗೆದುಕೊಂಡು ಮುಂದೆ ಬಂದು, ಆನಂದಬಾಷ್ಪ ಎಂದು ಏನೋ ಶುರು ಮಾಡಿದರು. "ಹಾರ ಆಮ್ಯಾಲೆ ಹಾಕ್ರಿ, ರಂಗೋಲಿ ಬೇಕಾದ್ರ ನೀವ ಹಾಕ್ರಿ, ಮೊದಲ ನೀರ ಕೊಡ್ರಿ," ಎಂದೆ. ಇಡೀ ಕೊಡ ತಲೆಯ ಮೇಲೆ ಸುರಿದುಕೊಂಡ ಮೇಲೆ ಕಣ್ಣು ಬಿಟ್ಟೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಕೆಳಗೆ, ಬಹಳ ಕೆಳಗೆ, ಒಂದು ಕಲ್ಲಿನ ಪಕ್ಕದಲ್ಲಿ ಶಾಹಿದಾ ಎದ್ದು ನಿಂತು ಎರಡೂ ಕೈ ಮೇಲೆತ್ತಿದ್ದಳು. ಅವಳನ್ನು ಕಂಡು ನನಗೆ ನಿಜವಾಗಿಯೂ ಅಳು ಬಂತು, ಆದರೆ ಅಷ್ಟರಲ್ಲಿ ಕಣ್ಣೀರೆಲ್ಲ ಖರ್ಚಾಗಿತ್ತು.

ಇಳಿದು ಬಂದ ಮೇಲೆ ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಟವೆಲ್ಲು ಮೂಸಿ ನೋಡಿ, ಬಹಳ ಗಂಭೀರವಾಗಿ, ಇದು ಗುಂಟೂರ ಮಾಲು, ನಮ್ಮ ಬ್ಯಾಡಗಿ ಕಾಯಿ ಹಿಂಗ ಮಾಡಂಗಿಲ್ಲ ಎಂದರು. ಬ್ಯಾಡಗಿಯದಕ್ಕೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಅವರು ಗಿರಾಕಿಗಳಿಗೆ ಹೇಳುವುದನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ. ಆವತ್ತು ಮಾತ್ರ ಅದನ್ನು ಹೇಳುತ್ತ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಬಹಳ ಜೋಪಾನವಾಗಿ ಹೆಗಲಿಗೆ ಹಾಕಿಕೊಂಡರು. ಪ್ಯಾಟಿಯವರು ಒಂದು ವಾರ ಈ ಸುದ್ದಿಯನ್ನೇ ಮಾರಿದರು, ಖುಷಿಯಿಂದ ಸಂಜೆ ನಮ್ಮ ಕಟ್ಟೆಯ ತುಂಬ ಕೂತರು. ಈ ಸಲ ಅತ್ತೆ ಚಹಾದ ಜೊತೆ ಮಂಡಕ್ಕಿಯನ್ನೂ ಕೊಟ್ಟರು.

ಮುಂದಿನ ಚಳಿಗಾಲ ಶಾಹಿದಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಬಸ್ಸಿನ ತುಂಬ ಹುಡುಗಿಯರನ್ನು ತಂದಳು. ಅಧ್ಯಕ್ಷರು ಮಾತಿಗೆ ತಪ್ಪಿರಲಿಲ್ಲ. ಹೋದ ವರ್ಷ ಗೆದ್ದವಳು ಎಂದು ನನ್ನನ್ನು ಓಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಗತ್ತಿನಿಂದ ಹಿಂದೆ ತಿರುಗಿ ಆ ಹುಡುಗಿಯರಿಗೆ ಏರಿನಲ್ಲಿ ಉಸಿರು ಹೇಗೆ ಹಿಡಿಯಬೇಕು, ಕಾಲು ಹೇಗೆ ಇಡಬೇಕು ಎಂದು ಉದ್ದಕ್ಕೆ ಉಪದೇಶ ಮಾಡಿದೆ. ಅವರು ಬಹಳ ವಿನಯದಿಂದ ಕೇಳಿದರು. ಸೀಟಿ ಊದಿದರು. ತೋಪಿನ ಮೊದಲ ತಿರುವು ಇನ್ನೂ ಬಂದಿರಲಿಲ್ಲ, ಹಿಂದಿನಿಂದ ಎರಡು ಜಡೆಯ ಹುಡುಗಿಯೊಬ್ಬಳು, "ಆಂಟೀ, ಒಂಚೂರು ಬಾಜೂಕ ಸರೀರಿ," ಎಂದಳು. ಸರಿದೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಇಡೀ ಬಸ್ಸೇ ನನ್ನ ಪಕ್ಕದಿಂದ ಧಡಧಡ ಎಂದು ಹೋಯಿತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅವರು ಗುಡ್ಡ ಹತ್ತುವುದನ್ನು ನೋಡುತ್ತ ನಿಂತವಳು ಓಡುವುದನ್ನೇ ಮರೆತೆ.

ಎಲ್ಲರೂ ಮುಟ್ಟಿದ ಮೇಲೆ ನಾನು ತುದಿ ಮುಟ್ಟಿದೆ. ಅಧ್ಯಕ್ಷರು ಕನಿಕರದಿಂದ, ಯಾಕ್ರಿ ಅಕ್ಕಾರ, ಈ ಸಲ ಹಿಂದ ಬಿದ್ರಿ ಎಂದು ಕೇಳಿದರು. "ನಾ ಹಿಂದ ಬಿದ್ದಿಲ್ರಿ, ನಮ್ಮ ಹುಡುಗ್ಯಾರು ಮುಂದ ಹೋಗ್ಯಾರ," ಎಂದೆ. ಬಹಳ ಠೀವಿಯಿಂದ ಹೇಳಬೇಕೆಂದು ಹಾದಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಅದು. ಅಷ್ಟು ಹೇಳುವಷ್ಟರಲ್ಲಿ ನಡುವೆ ಎರಡು ಸಲ ಕೂತೆ.