ಸೊಟ್ಟ ಕನ್ನಡಿಗಳ ಜೀರ್ಣೋದ್ಧಾರ

ಸೊಟ್ಟಗಿರುವುದನ್ನು ಕಂಡರೆ ನನಗೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ. ಇದು ಗುಣವೋ ರೋಗವೋ ಇನ್ನೂ ನಿರ್ಧಾರವಾಗಿಲ್ಲ. ಗುಣ ಅಂತ ನಾನು, ರೋಗ ಅಂತ ನನ್ನ ಮನೆಯಾಕಿ. ಸೊಲ್ಲಾಪುರದ ಪೇಟೆಯಲ್ಲಿ ನಮ್ಮದು ಚಾದರು, ಟಾವೆಲ್ಲುಗಳ ಅಂಗಡಿ, ಮುತ್ಯಾನ ಕಾಲದ್ದು. ಮುತ್ಯಾ ನನಗೆ ಕಲಿಸಿದ್ದು ಒಂದೇ ವಿದ್ಯೆ: ಮಾಲು ಬಂದರೆ ಬಿಚ್ಚಿ, ಬೆಳಕಿಗೆ ಹಿಡಿದು, ಅಂಚು ಸೊಟ್ಟಗಿದೆಯೋ ಎಳೆ ತಪ್ಪಿದೆಯೋ ನೋಡಬೇಕು. ಸೊಟ್ಟಗಿದ್ದರೆ ಅದು ಸೆಕೆಂಡ್ ಮಾಲು, ಪಕ್ಕಕ್ಕೆ ಒಗೆ. ಈ ವಿದ್ಯೆ ಅಂಗಡಿಯಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ, ನನ್ನ ಜೊತೆ ಊರೆಲ್ಲ ತಿರುಗುತ್ತದೆ. ಮದುವೆ ಮಂಟಪದ ಪರದೆ ಒಂದು ಕಡೆ ಇಳಿಬಿದ್ದಿದ್ದರೆ ನನಗೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ಹಿರಿಯರ ಫೋಟೋ ವಾರೆಯಾಗಿತ್ತೆಂದು ಕುರ್ಚಿ ಹತ್ತಿ ಸರಿ ಮಾಡಲು ಹೋಗಿ, ಫೋಟೋದ ಜೋಡಿ ನಾನೂ ಕೆಳಗೆ ಬಂದೆ. "ಸತ್ತವರನ್ನರ ಸುಮ್ಮ ಇರಾಕ ಬಿಡ್ರಿ" ಅಂತ ಮನೆಯಾಕಿ ರಿಕ್ಷಾದಲ್ಲಿ ಮನೆ ಮುಟ್ಟುವ ತನಕ ಅಂದಳು.

ಇಂಥ ಮನುಷ್ಯನನ್ನು ಊರಿನ ಹಳೆಯ ಮೋಜಿನ ಜಾಗಗಳನ್ನು ಉಳಿಸುವ ಸಮಿತಿಗೆ ಯಾರೂ ಸೇರಿಸಿಕೊಳ್ಳಬಾರದು. ಏನು ಮಾಡುವುದು, ಸಮಿತಿ ಹುಟ್ಟಿದ್ದೇ ನಮ್ಮ ಅಂಗಡಿಯ ಗಾದಿಯ ಮೇಲೆ. ಸಂಜೆ ಗಿರಾಕಿ ಕಡಿಮೆಯಾದಾಗ ಎದುರಿನ ಪಾತ್ರೆ ಅಂಗಡಿಯ ಮಲ್ಲಣ್ಣ ಬಂದು ಕೂತು ಚಹಾ ಕುಡಿಯುವುದು, ಕುಡಿದು ಇಬ್ಬರೂ ಹಳಹಳಿಸುವುದು ನಮ್ಮ ನಿತ್ಯದ ಪದ್ಧತಿ. "ಆ ಮೂಲಿ ಮ್ಯಾಗಿನ ಟಾಕೀಜ್ ಇತ್ತಲ್ಲ, ಈಗ ಲಗ್ನದ ಮಂಗಲ ಕಾರ್ಯಾಲಯ ಆಗ್ಯಾದ" ಅಂತ ಅವನು. "ತಂಬೂ ಸಿನೆಮಾ ಹಾಕತಿದ್ದ ಬಯಲಾಗ ಈಗ ಮೋಟರ್‌ಸೈಕಲ್ ಮಾರಾಕತ್ತಾರ" ಅಂತ ನಾನು. ಗಿರಣಿಯ ಭೋಂಗಾ ಕೂಗಿದ ಮೇಲೆ ಕೆಲಸಗಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಾಗು, ಅಂದರೆ ಉದ್ಯಾನದ ಕಡೆ ಹೊರಡುತ್ತಿದ್ದದ್ದು, ಗೋಲಿ ಸೋಡಾ ಒಡೆದ ಸಪ್ಪಳ, ಭಡಂಗ ಚುರುಮುರಿಯ ಪುಡಿಕೆಯ ಖಾರ, ಎಲ್ಲವನ್ನೂ ನೆನೆದು ನಿಟ್ಟುಸಿರು ಬಿಟ್ಟ ಮೇಲೆಯೇ ನಾವು ಶಟರ್ ಎಳೆಯುವುದು. ಈಗಿನ ಹುಡುಗರು ಶಾಪಿಂಗ್ ಮಾಲಿಗೆ ಹೋಗಿ, ತಾನೇ ನಡೆಯುವ ಪಾವಟಿಗೆಯ ಮೇಲೆ ನಿಂತು ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ, ಅದೇ ಅವರ ಆಟ ಅಂತ ಬೈಯುವುದೂ ಉಂಟು. ನಮ್ಮ ಟಾಕೀಜು ಇನ್ನೂ ನಡೆಯುತ್ತಿದ್ದಾಗ ನಾವಿಬ್ಬರೂ ಎಷ್ಟೋ ವರ್ಷ ಆ ಕಡೆ ತಲೆ ಹಾಕಿ ಮಲಗಿರಲಿಲ್ಲ ಎನ್ನುವುದು ಬೇರೆ ಮಾತು. ಮುಚ್ಚಿದ ಮೇಲೆ ಮಾತ್ರ ಮನೆಯವರೇ ಹೋದಷ್ಟು ಸಂಕಟಪಟ್ಟೆವು.

ಕೊನೆಗೆ ಮಲ್ಲಣ್ಣನೇ ಒಂದು ದಿನ, "ಬರೇ ಹಳಹಳಿ ಮಾಡಿದ್ರ ಏನ ಬಂತಪಾ? ಉಳದದ್ದೊಂದರ ಉಳಸೂಣು ನಡಿ" ಅಂದ. ಉಳಿದದ್ದು ಅಂದರೆ ಕೆರೆಯ ದಂಡೆಯ ಬಾಗಿನೊಳಗಿನ ಆರಸೇ ಮಹಲು, ಕನ್ನಡಿ ಮನೆ. ಹೆಸರು ಕೇಳಿ ಅರಮನೆ ಅಂದುಕೊಳ್ಳಬೇಡಿ. ತಗಡಿನ ಮಾಡು, ಮೂರು ಕಡೆ ಗೋಡೆ, ಗೋಡೆಗೆ ಸಾಲಾಗಿ ಆಳೆತ್ತರದ ಕನ್ನಡಿಗಳು. ಗಾಜನ್ನು ಬೇಕಂತಲೇ ಎಲ್ಲೋ ಉಬ್ಬಿಸಿ ಎಲ್ಲೋ ತಗ್ಗಿಸಿ ಮಾಡಿದವು. ಮುಂದೆ ನಿಂತರೆ ಕುಳ್ಳರು ಉದ್ದ, ಉದ್ದದವರು ಕುಳ್ಳ, ತೆಳ್ಳಗಿದ್ದವರು ಗುಂಡಗೆ. ಪೇಟೆಗೆ ಬಂದ ಮಂದ್ರೂಪದ ಕಡೆಯ, ಅಕ್ಕಲಕೋಟದ ಕಡೆಯ ರೈತರು ಗಂಟು ಮೂಟೆ ಹೊರಗಿಟ್ಟು ಒಳಗೆ ಹೋಗಿ, ಒಬ್ಬರನ್ನೊಬ್ಬರು ತೋರಿಸಿ ನಕ್ಕು ನಕ್ಕು ಕಡೆಯ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಆಮೇಲೆ ಯಾವಾಗಲೋ ಕೀಲಿ ಬಿತ್ತು. ಒಳಗೆ ಪಾರಿವಾಳ ಸಂಸಾರ ಹೂಡಿದವು. ಇನ್ನು ಕೆಡವಿ ಗಾಡಿ ನಿಲ್ಲಿಸಲು ಜಾಗ ಮಾಡುತ್ತಾರಂತೆ ಎಂಬ ಸುದ್ದಿ ಹುಟ್ಟಿತ್ತು. ನಾವು ನಗರಪಾಲಿಕೆಗೆ ಹೋಗಿ ಕೇಳಿದಾಗ, ದುರಸ್ತಿ ನೀವೇ ಮಾಡಿಸುವುದಾದರೆ ಇರಲಿ ಬಿಡಿ ಅಂದರು.

ಈ ಸುದ್ದಿ ಅಕ್ಕಲಕೋಟದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅಕ್ಕನಿಗೆ ಹೇಗೋ ಮುಟ್ಟಿತು. ಅಕ್ಕ ನನಗಿಂತ ಬಹಳ ದೊಡ್ಡವಳು. ನಮ್ಮ ಮಾಮಾ, ಅಂದರೆ ಅವಳ ಗಂಡ, ತೀರಿಕೊಂಡ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು, ನಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಎಲ್ಲರೂ ನಕ್ಕು ಹಾಡುತ್ತಿದ್ದರೆ ಇವಳು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಅಂಥವಳು ತಾನಾಗಿ ಫೋನ್ ಮಾಡಿದಳು.

"ಖರೇನೇನೋ ತಮ್ಮಾ, ಕನ್ನಡಿ ಮನಿ ಮತ್ತ ತೆರಿತೀರಂತಲ್ಲ?"

"ಹೌದಕ್ಕಾ. ಯಾಕ?"

"ನಿನಗೇನ ಹೇಳಲಿ. ನಮ್ಮ ಅತ್ತಿ ಮನ್ಯಾಗ ಹಿರ್ಯಾರ ಎದುರಿಗೆ ಗಂಡನ ಮಾರಿ ನೋಡಬಾರದಿತ್ತು. ಸೆರಗ ಹಣಿ ಮ್ಯಾಲ, ಕಣ್ಣ ನೆಲದ ಮ್ಯಾಲ. ಲಗ್ನಾಗಿ ಎಷ್ಟೋ ತಿಂಗಳಾದ್ರೂ ನಿಮ್ಮ ಮಾಮಾನ ಕಾಲ ನನಗ ಚಂದಂಗ ಗುರ್ತಿದ್ದು, ಮಾರಿ ಗುರ್ತಿರಲಿಲ್ಲ. ಸೊಲ್ಲಾಪುರಕ್ಕ ಅರಿವಿ ತರಾಕ ಬಂದಾಗ ಆ ಕನ್ನಡಿ ಮನಿಗೆ ಕರಕೊಂಡ ಹೋದ್ರು. ತಲಿ ಎತ್ತಿ ನೋಡತೀನಿ, ಕನ್ನಡ್ಯಾಗ ಪಡವಲಕಾಯಿ ಹಂಗ ಇಷ್ಟುದ್ದ ಮಾರಿ! ಅಯ್ಯ ಶಿವನ, ಇಂಥಾವಗ ಕೊಟ್ಟಾರೇನ ನನ್ನ ಅಂತ ಎದಿ ಧಸಕ್ಕಂತು. ನನ್ನ ಮಾರಿ ನೋಡಿ ಅವರು ನಗಾಕತ್ರು. ನಾನೂ ನಕ್ಕೆ. ಇಬ್ರೂ ಕೂಡಿ ಮೊದಲ ಸಲ ನಕ್ಕಿದ್ದ ಅಲ್ಲಿ. ಕಣ್ಣು ತೋರಸಾಕ ಮುಂದಿನ ತಿಂಗಳ ಬರತೀನಿ. ಒಮ್ಮಿ ಅಲ್ಲಿ ನಿಂತು ಬರಬೇಕನಸೇದ ನೋಡು."

ಅಲ್ಲಿಯ ತನಕ ಸಮಿತಿ ಎನ್ನುವುದು ಚಹಾದ ಜೋಡಿಯ ಮಾತಾಗಿತ್ತು, ಅವತ್ತಿನಿಂದ ಅದು ಅಕ್ಕನ ಕೆಲಸವಾಯಿತು. ಊರಿಗೆ ಆರಸೇ ಮಹಲು ಬೇಕೋ ಬೇಡವೋ, ನಮ್ಮ ಅಕ್ಕ ಒಮ್ಮೆ ನಗಬೇಕು. ಅಷ್ಟೇ.

ಕೆಲಸ ಭರದಿಂದ ಸುರುವಾಯಿತು. ನಮ್ಮ ಪೇಟೆಯ ಮಂದಿಗೆ ಹಳೆಯದನ್ನು ಉಳಿಸುವ ರೀತಿ ಒಂದೇ ಗೊತ್ತು, ಜೀರ್ಣೋದ್ಧಾರ. ಕಲ್ಲಿನ ಗುಡಿಯ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಜಾರುವ ಟೈಲ್ಸು, ದೇವರ ಮುಂದೆ ಸ್ಟೀಲಿನ ಕಟಕಟೆ. ದೇವರೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಹೊಸದಾಯಿತೆಂದರೆ ನಮಗೆ ಸಮಾಧಾನ. ಅದೇ ಭಕ್ತಿಯಿಂದ ಮಲ್ಲಣ್ಣ ಮಾಡು, ನೆಲ, ಬಣ್ಣ ವಹಿಸಿಕೊಂಡ. "ಕನ್ನಡಿ ನೀ ನೋಡಪಾ. ನಿನ್ನ ಕಣ್ಣ ತಪ್ಪಿಸಿ ಡಿಫೆಕ್ಟ್ ಹೋಗೂದಿಲ್ಲ" ಅಂದ. ಈ ಹೊಗಳಿಕೆ ನನ್ನ ತಲೆಗೆ ಏರಿತು. ಹೋಗಿ ಹಳೆಯ ಕನ್ನಡಿಗಳನ್ನು ನೋಡಿದೆ. ಬೆನ್ನಿನ ಪಾರಾ, ಅಂದರೆ ಪಾದರಸದ ಲೇಪ, ಎದ್ದು ಹೋಗಿ ಕಪ್ಪು ಕಲೆ ಬಿದ್ದಿದ್ದವು. ಸಾಲದ್ದಕ್ಕೆ ಸೊಟ್ಟ. ಛೀ, ಇಂಥ ಮಾಲನ್ನು ಅಕ್ಕನ ಮುಂದೆ ಇಡುವುದೇ? ಎಲ್ಲವನ್ನೂ ತೆಗೆಸಿ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಿಸಿದೆ. ಗಾಜಿನ ಅಂಗಡಿಗೆ ನಾನೇ ಖುದ್ದಾಗಿ ಹೋಗಿ, ಒಂದೊಂದು ಹಾಳೆಯನ್ನೂ ಬೆಳಕಿಗೆ ನಿಲ್ಲಿಸಿ ನೋಡಿದೆ. ಒಂದರ ಮೂಲೆಯಲ್ಲಿ ಸಣ್ಣ ಅಲೆ ಇತ್ತು. "ಏನ್ರಿ ಇದು, ಸೆಕೆಂಡ್ ಮಾಲ ನನಗ ದಾಟಸಾಕತ್ತೀರಿ?" ಅಂತ ಅಂಗಡಿಯವನನ್ನು ನಾಲ್ಕು ಮಂದಿ ಗಿರಾಕಿಗಳ ಎದುರು ಬೈದೆ.

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಅಕ್ಕನ ಪಡವಲಕಾಯಿ ಮಾತು ಕಿವಿಯಲ್ಲೇ ಇತ್ತು, ಖರೆ. ಆದರೆ ಮಾಲು ನೋಡುವಾಗ ನನಗೆ ಕಣ್ಣಷ್ಟೇ ಇರುತ್ತವೆ, ಕಿವಿ ಇರುವುದಿಲ್ಲ, ತಲೆಯಂತೂ ಮೊದಲೇ ಇಲ್ಲ. ಕನ್ನಡಿಗಳು ಬಂದು ಗೋಡೆಯ ಮೇಲೆ ಕೂತವು. ದಾರ ಹಿಡಿದಂತೆ ನೆಟ್ಟಗೆ! ಮಲ್ಲಣ್ಣ ಒಂದರ ಮುಂದೆ ನಿಂತು ಜೇಬಿನಿಂದ ಹಣಿಗೆ ತೆಗೆದು ತಲೆ ಬಾಚಿಕೊಂಡು, "ಏಕದಮ ಝಕಾಸ" ಅಂದ. ಬಾಗಿನ ವಾಚ್‌ಮನ್ ಮೀಸೆ ತಿರುವಿಕೊಂಡ. ನಾನು ಕಾಲರು ಸರಿ ಮಾಡಿಕೊಂಡೆ. ಮೂವರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ತೋರಿಸೋಣ ಅಂತ ಮನೆಯಾಕಿಯನ್ನು ಕರೆತಂದೆ. ಅವಳು ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ನಡೆದಳು.

"ಅಲ್ರೀ, ಇದು ಕಟಿಂಗ್ ದುಕಾನ ಆತಲ್ರಿ! ಇಲ್ಲಿ ನಗೂದರ ಯಾವದಕ?"

ನಿಂತ ನೆಲ ಜಾರಿತು. ಮಲ್ಲಣ್ಣನ ಹೊಸ ಟೈಲ್ಸಿನ ತಪ್ಪೂ ಅದರಲ್ಲಿ ಸ್ವಲ್ಪ ಇರಬಹುದು.

ಮರುದಿನ ಭಂಗಾರದವನನ್ನು ಹುಡುಕಿಕೊಂಡು ಊರ ಹೊರಗೆ ಕಾರ್ಖಾನೆಗಳಿರುವ ಚಿಂಚೋಳಿ ಎಂಐಡಿಸಿಗೆ ಓಡಿದೆ. ಅವನು ಗೋದಾಮಿನ ಹಿಂದೆ ಕರೆದೊಯ್ದು ಗಾಜಿನ ಚೂರುಗಳ ರಾಶಿ ತೋರಿಸಿ, "ಇದರಾಗ ಅವ ನೋಡ್ರಿ ಶೇಠ, ನಿಮ್ಮವು ಆರಿಸಿಕೋರಿ" ಅಂದ. ಅಲ್ಲಿಂದಲೇ ಗಾಜಿನ ಅಂಗಡಿಯವನಿಗೆ ಫೋನ್ ಹಚ್ಚಿ, "ಸೊಟ್ಟ ಕನ್ನಡಿ ಮಾಡಿಕೊಡತೀರೇನ್ರಿ?" ಅಂತ ಕೇಳಿದೆ. ಬೈಸಿಕೊಂಡದ್ದನ್ನು ಅವನು ಮರೆತಿರಲಿಲ್ಲ. "ಮುಂಜಾನೆದ್ದು ಮಜಾಕ ಮಾಡಬ್ಯಾಡ್ರಿ ಶೇಠ" ಅಂತ ಇಟ್ಟುಬಿಟ್ಟ. ಆ ರಾಶಿಯ ಮುಂದೆ ನಿಂತು ನನಗೆ ಅಳು ಬಂತು. ಮಾಮಾನ ಆ ಉದ್ದ ಮುಖ ಅದರಲ್ಲೇ ಎಲ್ಲೋ ಪುಡಿಯಾಗಿ ಬಿದ್ದಿತ್ತು. ಅದನ್ನು ಉಳಿಸುತ್ತೇನೆಂದು ಹೊರಟು ಒಡೆಸಿದವನು ನಾನೇ.

ಅಕ್ಕನಿಗೆ ಹೇಳುವ ಧೈರ್ಯ ಬರಲಿಲ್ಲ. ಬಿಸಿಲು ಬಹಳ ಅದ ಅಕ್ಕಾ ಅಂದೆ, ಛತ್ರಿ ತರತೀನಿ ಅಂದಳು. ಬಸ್ಸು ಗದ್ದಲ ಅಂದೆ, ಮುಂಜಾನಿ ಬಸ್ಸಿಗೆ ಬರತೀನಿ ಅಂದಳು. ಬಂದೇಬಿಟ್ಟಳು. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡಿದ್ದಳು. ದವಾಖಾನೆಯಲ್ಲಿ ಕಣ್ಣು ತೋರಿಸಿ, ಹೊಸ ಚಷ್ಮಾ ಹಾಕಿಸಿಕೊಂಡು, ಮನೆಯಾಕಿಯ ಕೈ ಹಿಡಿದು ಬಾಗಿಗೆ ನಡೆದಳು. ನಾನು ಹಿಂದಿನಿಂದ ಕಳ್ಳನ ಹಾಗೆ ಹೋದೆ.

ಒಳಗೆ ಹೋಗಿ ಮೊದಲನೆಯ ಕನ್ನಡಿಯ ಮುಂದೆ ನಿಂತಳು. ಸೆರಗು ಸರಿ ಮಾಡಿಕೊಂಡಳು. ಕನ್ನಡಿಯಲ್ಲಿ ಒಬ್ಬಳು ಮುದುಕಿ ಇದ್ದಳು, ಹಣೆಯಲ್ಲಿ ಕುಂಕುಮವಿಲ್ಲ, ಬರೇ ವಿಭೂತಿ. ಎರಡನೆಯದರಲ್ಲೂ ಅವಳೇ. ಅಕ್ಕ ಒಂದೊಂದರ ಮುಂದೂ ನಿಂತು, ಆಸೆಯಿಂದ ಸ್ವಲ್ಪ ಬಾಗಿ ನೋಡಿ, ಮುಂದಕ್ಕೆ ಹೋಗುತ್ತಿದ್ದಳು. ಕಡೆಯದರ ಮುಂದೆ ಬಂದಾಗ ಅವಳ ಭುಜ ಇಳಿದುಹೋಗಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ತಪ್ಪಾತಕ್ಕಾ ಅಂದುಬಿಡೋಣ ಅಂತ ನಾನು ಹೋಗಿ ಅವಳ ಹಿಂದೆ ನಿಂತೆ.

ಕನ್ನಡಿಯಲ್ಲಿ ನನ್ನನ್ನು ನೋಡಿದ್ದೇ ಅಕ್ಕ ಕಿಸಕ್ಕನೆ ನಕ್ಕಳು. "ಏ ತಮ್ಮಾ! ಇದೊಂದರ ಉಳಿಸೀರಲ್ಲೋ! ನೋಡ ನೋಡ, ನಿನ್ನ ಹೊಟ್ಟಿ ಎಷ್ಟ ಮಾಡಿ ತೋರಸಾಕತ್ತೇದ, ಜ್ವಾಳದ ಹಗೇವ ಆಗ್ಯಾದ!" ಅಂತ ಹೊಳ್ಳಿ ನನ್ನನ್ನು ನೋಡಿದಳು. ಕೆಳಗಿನಿಂದ ಮೇಲೆ ನೋಡಿದಳು. ಮತ್ತೆ ಕನ್ನಡಿ ನೋಡಿದಳು. ಮತ್ತೆ ನನ್ನನ್ನು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹೊಸ ಚಷ್ಮಾ ತೆಗೆದು ಮನೆಯಾಕಿಯ ಕೈಗೆ ಕೊಟ್ಟು, ಗೋಡೆ ಹಿಡಿದು ನಗತೊಡಗಿದಳು. "ಅಯ್ಯಯ್ಯ, ಹೊಟ್ಟಿ ಖರೇನ ಇಷ್ಟ ಐತೇನಬೇ ಇದು" ಅಂತ ಕಣ್ಣು ಒರೆಸಿಕೊಂಡು ನಕ್ಕಳು. ಮನೆಯಾಕಿಯೂ ಕೂಡಿಕೊಂಡಳು. ವಾಚ್‌ಮನ್ ಬಾಗಿಲಿಗೆ ಬಂದು ಇಣುಕಿದ.

ಕನ್ನಡಿ ಕಂಡ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುವುದು ನನ್ನ ರೂಢಿ. ಆಗಲೂ ಎಳೆದುಕೊಂಡೇ ನಿಂತಿದ್ದೆ. "ತಡಿ ಅಕ್ಕಾ, ಇನ್ನೂ ಅದ" ಅಂದು, ಉಸಿರು ಪೂರ್ತಿ ಬಿಟ್ಟು, ಅವಳಿಗೆ ಚೆನ್ನಾಗಿ ಕಾಣಲೆಂದು ಮಗ್ಗಲಾಗಿ ತಿರುಗಿ ನಿಂತೆ.