ಸೀಮೆಎಣ್ಣೆ ಗಾಡಿಯವನ ಅತ್ತರು

"ನಾಳೆ ಬರೋವಾಗ ಗಡ್ಡ ಮಾಡ್ಕೊಂಡು, ಅತ್ತರು ಹಚ್ಕೊಂಡು ಬರ್ರಿ. ಹಿಂಗೆ ಬಂದ್ರೆ ನರ್ಸಮ್ಮ ನಿಮ್ಮನ್ನ ಸ್ಟೌವಿಗೆ ಸುರ್ಕೊಂತಾಳೆ."

ನನ್ನ ಹೆಂಡತಿ ಕೊನೆಯದಾಗಿ ಆಡಿದ ಮಾತು ಇದು. ಹೊನ್ನಾಳಿ ಆಸ್ಪತ್ರೆಯಲ್ಲಿ. ಅವತ್ತು ಸಂಜೆಯೇ ಹೋದಳು.

ನ್ಯಾಮತಿಯಲ್ಲಿ ಬೀದಿ ಬೀದಿ ಸೀಮೆಎಣ್ಣೆ ಮಾರುವ ಕೈಗಾಡಿ ನನ್ನದು. ಮೈಯೆಲ್ಲ ಅದೇ ವಾಸನೆ. ಆ ವಾಸನೆ ಓಡಿಸಲು ನಾನು ಪಟ್ಟ ಪಾಡಿಗೆ ಜನ ನಗುತ್ತಿದ್ದರು. ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇತ್ತು. ನಾನು ಬಿಡಲಿಲ್ಲ.

೧. ಹೆಣ್ಣು ನೋಡಿದ್ದು

ಎಪ್ಪತ್ತರ ದಶಕ. ಚನ್ನಗಿರಿಗೆ ಹೆಣ್ಣು ನೋಡಲು ಹೋದೆ. ಸೀಗೆಪುಡಿ ಹಾಕಿ ಎರಡು ಸಲ ಸ್ನಾನ. ಮುಖಕ್ಕೆ ಸ್ನೋ, ಅದರ ಮೇಲೆ ಪೌಡರು. ಹೆಣ್ಣಿನ ಅಪ್ಪ ಬೀಡಿ ತೆಗೆದು ಕಡ್ಡಿ ಗೀರುವುದರಲ್ಲಿದ್ದರು. ಮೂಗು ಅರಳಿಸಿದರು. ಬೀಡಿ ಕಿವಿಗೆ ಸಿಕ್ಕಿಸಿ ಅಂಗಳಕ್ಕೆ ಎದ್ದು ಹೋದರು.

"ಈ ಗಂಡು ಬ್ಯಾಡ. ಪಕ್ಕದಾಗೆ ಕೂತು ಬೀಡಿ ಹಚ್ಚಂಗಿಲ್ಲ" ಎಂದರು ಅಲ್ಲಿಂದಲೇ.

ಹುಡುಗಿ ಅವಲಕ್ಕಿ ತಟ್ಟೆ ಇಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಅಪ್ಪಾ, ಸೀಮೆಎಣ್ಣೆಗೆ ಕ್ಯೂನಾಗೆ ನಿಲ್ಲೋಳು ನಾನು. ನೀನು ಬೀಡಿ ಬಿಡು."

೨. ಅತ್ತರು ಆರಿಸಿದ್ದು

ಮದುವೆಯಾದ ಮೇಲೆ ಅವಳೇ ಹೊನ್ನಾಳಿ ಸಂತೆಗೆ ಎಳೆದುಕೊಂಡು ಹೋದಳು. ಅತ್ತರಿನ ಸಾಬರು ನನ್ನ ಮಣಿಕಟ್ಟಿಗೆ, ಮೊಣಕೈಗೆ ಒಂದೊಂದು ಬಗೆ ಹಚ್ಚಿದರು. ಇವಳು ಮೂಸಿದಳು. ಗುಲಾಬಿಗೆ, "ಇದು ಮದುವೆ ಮನೆ." ಗಂಧಕ್ಕೆ, "ಇದು ದೇವರ ಕೋಣೆ." ಲಾವಂಚಕ್ಕೆ ಬಂದು ನಿಂತಳು.

"ನೀರು ಚಿಮುಕಿಸಿದ ಅಂಗಳ ಇದ್ದಂಗೈತೆ. ಇದೇ ಇರಲಿ. ಸೀಮೆಎಣ್ಣೆ ಜೊತೆ ಬೆರೆತರೆ ಹೆಂಗಿರತೈತ್ರಿ?"

ಸಾಬರು ಪೆಟ್ಟಿಗೆ ಮುಚ್ಚಿದರು. "ಕೊಡ್ತೀನಮ್ಮಾ. ಆದ್ರೆ ನನ್ನತ್ರ ತಗೊಂಡದ್ದು ಅಂತ ಯಾರಿಗೂ ಹೇಳಬ್ಯಾಡ್ರಿ."

೩. ನೀಲಿ ಲೋಷನ್ನು

ನಾದಿನಿ ಮದುವೆ, ಜಗಳೂರಿನಲ್ಲಿ. ಅಲ್ಲಿಯ ಕಟಿಂಗ್ ಶಾಪಿನವನು ಗಡ್ಡ ಮಾಡಿ, ಪಟಿಕದ ಕಲ್ಲು ಉಜ್ಜುವುದು ಬಿಟ್ಟು, ಹೊಸ ಮಾಲು ಅಂತ ನೀಲಿ ಲೋಷನ್ನು ಕೆನ್ನೆಗೆ ಬಡಿದ. ಬ್ಲೇಡು ತಾಗಿದ ಕಡೆ ಬೆಂಕಿ ಬಿದ್ದಂಗಾಯಿತು. "ಉರೀತೈತೆ!" ಅಂತ ಕೂಗಿದೆ. ಬೆಂಚಿನ ಮೇಲಿದ್ದ ನಮ್ಮೂರವರು "ಸೀಮೆಎಣ್ಣೆಯವನು ಹತ್ಕೊಂಡ!" ಅಂತ ಒಂದು ಬಿಂದಿಗೆ ನೀರು ತಂದು ಸುರಿದೇಬಿಟ್ಟರು.

ಒದ್ದೆ ಅಂಗಿಯಲ್ಲೇ ಚಪ್ಪರಕ್ಕೆ ಹೋದೆ. ಯಾಕೆ ಹೋಗಬಾರದು? ಹೆಂಡತಿ ಹತ್ತಿರ ಬಂದು ಮೂಸಿದಳು.

"ಲೋಷನ್ನೂ ಹೋತು, ಅತ್ತರೂ ಹೋತು. ಸೀಮೆಎಣ್ಣೆ ಮಾತ್ರ ಗಟ್ಟಿ ಕೂತೈತೆ ನೋಡ್ರಿ."

೪. ಮಾರನೇ ಬೆಳಿಗ್ಗೆ

ಆಸ್ಪತ್ರೆಯಿಂದ ತಂದ ಅವಳ ದೇಹವನ್ನು ನಮ್ಮ ಪದ್ಧತಿಯಂತೆ ಅಂಗಳದಲ್ಲಿ ಕೂರಿಸಿದ್ದರು. ನಾನು ಕನ್ನಡಿ ಮೊಳೆಗೆ ಹಾಕಿ, ಬ್ರಷ್ಷಿನಲ್ಲಿ ಸೋಪು ನೊರೆ ಮಾಡಿದೆ. ಚನ್ನಗಿರಿಯಿಂದ ಬಂದಿದ್ದ ಮಾವ ನೋಡಿದರು.

"ಅಳಿಯಂದಿರೇ, ನನ್ನ ಮಗಳು ಅಲ್ಲಿ ಕೂತಾಳೆ. ನೀವು ಗಡ್ಡ ಕೆರೀತೀರೇನ್ರಿ? ಹನ್ನೊಂದು ದಿನ ಗಡ್ಡ ಮುಟ್ಟಂಗಿಲ್ಲ. ಜನ ಏನಂತಾರೆ?"

"ಅನ್ನಲಿ ಮಾವ. ನಿಮ್ಮ ಮಗಳೇ ಹೇಳಿ ಹೋಗ್ಯಾಳೆ."

ಪೂರ್ತಿ ಮಾಡಿದೆ. ಪಟಿಕ ಸವರಿದೆ. ಲಾವಂಚದ ಸೀಸೆ ತೆಗೆದು ಮಣಿಕಟ್ಟಿಗೆ ಹಚ್ಚಿದೆ. ಹತ್ತಿಯನ್ನು ಅದರಲ್ಲಿ ಅದ್ದಿ ಕಿವಿಗೂ ಇಟ್ಟೆ. ಹೋಗಿ ಅವಳ ಹತ್ತಿರ ಕೂತೆ. ಜನ ಗುಸುಗುಸು ಅಂದರು. ನಾನು ಏಳಲಿಲ್ಲ.

ಮಾವ ಬೈಯುತ್ತಲೇ ಬಂದು ನನ್ನ ಮಗ್ಗುಲಲ್ಲಿ ಕೂತರು. ಬೈದರು, ಅತ್ತರು, ಮತ್ತೆ ಬೈದರು. ಸುಸ್ತಾಗಿ ಬೀಡಿ ತೆಗೆದರು. ಅಷ್ಟು ವರ್ಷ ನಮ್ಮ ಮನೆಗೆ ಬಂದಾಗಲೆಲ್ಲ ಬೀದಿಗೆ ಹೋಗಿ ಹಚ್ಚುತ್ತಿದ್ದವರು, ನನ್ನ ಮೂಗಿನ ಕೆಳಗೇ ಕಡ್ಡಿ ಗೀರಿದರು.

ನಾನು ಅವಳ ಕಡೆ ಬಗ್ಗಿ ಹೇಳಿದೆ, "ನೋಡಿದೇನೇ? ನಿಮ್ಮಪ್ಪ ಬೀಡಿ ಹಚ್ಚಿದರು."