ಹವಾಲ್ದಾರರ ಮೂಳೆ ಕಾಯ್ದ ರಜೆ

ಪಠಾಣ್‌ಕೋಟ್, ಜೋಧ್‌ಪುರ, ತೇಜ್‌ಪುರ ಅಂತ ಮಿಲಿಟರಿ ಗಂಡನ ಟ್ರಂಕಿನ ಹಿಂದೆ ನಾನು ಸುತ್ತದ ಊರಿಲ್ಲ. ಅಲ್ಲೆಲ್ಲ ಅವರ ಮೈಮೇಲೆ ಒಂದು ಗೀರೂ ಬೀಳದು. ಹಾಸನ ಜಿಲ್ಲೆಗೆ ರಜೆಗೆ ಬಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಈ ಸಲ ಏನೂ ಆಗಕೂಡದಿತ್ತು. ರಜೆ ಮುಗಿದ ವಾರಕ್ಕೇ ಬಡ್ತಿಯ ಮೆಡಿಕಲ್. ಅದರಲ್ಲಿ ಫೇಲಾದರೆ ಹವಾಲ್ದಾರರಾಗಿಯೇ ಪೆನ್ಷನ್.

೧. ಹೆಲ್ಮೆಟ್

ಬಂದ ದಿನವೇ ಮೈದುನನ ಬೈಕ್ ಹತ್ತಿ ಚನ್ನರಾಯಪಟ್ಟಣಕ್ಕೆ ಹೊರಟರು, ಬರೀ ತಲೆಯಲ್ಲಿ.

"ರೀ, ಹೆಲ್ಮೆಟ್ಟು?"

"ಇಲ್ಲಿ ನಂಗ್ಯಾರೇ ಗುಂಡೊಡೀತಾರೆ?"

ಬೈಕಿನ ಕೀ ಕಿತ್ತು ರವಿಕೆಯೊಳಗೆ ಸೇರಿಸಿದೆ. ಬಸ್ಸಿನಲ್ಲಿ ಹೋದರು. ಫುಟ್‌ಬೋರ್ಡಿನ ಮೇಲೆ ನೇತಾಡಿಕೊಂಡು.

೨. ಮುದ್ದೆ

ಅರಕಲಗೂಡಿನಲ್ಲಿ ನಾದಿನಿ ಅಣ್ಣನಿಗೆ ನಾಲ್ಕನೇ ಮುದ್ದೆ ಇಟ್ಟಳು, ಮೇಲೆ ಮಟನ್ ಸಾರು. ಮೆಡಿಕಲ್ಲಿನಲ್ಲಿ ತೂಕ, ಬಿ.ಪಿ. ಎರಡೂ ನೋಡುತ್ತಾರೆ. "ಸಾಕು ಕಣಮ್ಮ" ಎಂದೆ.

"ನಿಮ್ಮೊಟ್ಟೆಗಾ ಇಕ್ಕಿದ್ದು, ಅತ್ಗೆ?"

ಬೆಳಿಗ್ಗೆ ಅದನ್ನು ಕರಗಿಸಲು ರಸ್ತೆಯಲ್ಲಿ ಓಡಿದರು. ಮೂರು ಬೀದಿನಾಯಿ ಬೆನ್ನು ಹತ್ತಿದವು. ಕಚ್ಚಿಬಿಟ್ಟರೆ ಗತಿಯೇನೆಂದು ನಾನು ಪೊರಕೆ ಹಿಡಿದು ಬಾಗಿಲಿಗೆ ಓಡಿದೆ. ಏದುಸಿರು ಬಿಡುತ್ತಾ ಮನೆಯೊಳಗೆ ನುಗ್ಗಿದವರು, "ಪಲ್ಟನ್ನಲ್ಲೂ ಇಷ್ಟು ಜೋರಾಗಿ ಓಡಿರ್ಲಿಲ್ಲ ಕಣೇ" ಅಂದರು.

೩. ತೆಂಗಿನಮರ

ಹೊರಡುವ ಹಿಂದಿನ ದಿನ ಹಳೇಕೋಟೆಯ ನಮ್ಮ ತೋಟದಲ್ಲಿ ಮೈದುನ, "ನಿನ್ ಕೈಲಿ ಈಗ ಮರ ಅತ್ತಕ್ಕಾಗಕಿಲ್ಲ ಬುಡಣ್ಣ" ಅಂದುಬಿಟ್ಟ. ನಾನು ಓಡಿ ಬರುವಷ್ಟರಲ್ಲಿ ಗಂಡ ಗರಿಗಳ ನಡುವೆ. ಮಂಡಿ ಹಿಡಿದುಕೊಂಡಿದೆ, ಇಳಿಯಲಾರರು.

"ಲೇ ಮಗಾ, ಕೈ ಬುಡಬ್ಯಾಡ ಕಣ್ಲಾ!" ಅತ್ತೆ ಅತ್ತೇಬಿಟ್ಟರು.

"ಏನಾಗಿಲ್ಲ ಸುಮ್ಕಿರವ್ವ. ಅಂಗೇ ಊರು ನೋಡ್ತಾವ್ನಿ."

ನಾನು, ಮೈದುನ ಸೇರಿ ಮರದ ಬುಡಕ್ಕೆ ಹೊರೆಗಟ್ಟಲೆ ಹುಲ್ಲು ಸುರಿದೆವು. ಅವರು ಗೇಣುಗೇಣೇ ಜಾರುತ್ತಾ ಅರ್ಧ ಗಂಟೆಗೆ ನೆಲ ಮುಟ್ಟಿದರು. ಒಂದು ತರಚುಗಾಯವೂ ಇಲ್ಲ! ಬಡ್ತಿ ಉಳಿಯಿತೆಂದು ಹುಲ್ಲಿನ ಮೇಲೆ ಓಡಿದೆ. ಒಳಗೊಂದು ತೆಂಗಿನಕಾಯಿ ಅಡಗಿತ್ತು. ಪಾದ ಹೊರಳಿ ಟಕ್ ಅಂತು.

ಹೊಳೆನರಸೀಪುರದಲ್ಲಿ ಡಾಕ್ಟರು ನನ್ನ ಕಾಲಿಗೆ ಪ್ಲಾಸ್ಟರ್ ಸುತ್ತುತ್ತಾ, "ತೆಂಗಿನಮರದಿಂದ ಬಿದ್ರಂತೆ?" ಎಂದು ಕೇಳಿದರು.

ನನಗಿಂತ ಮೊದಲು ಅತ್ತೆ ಬಾಯಿ ಹಾಕಿದರು.

"ಊಂ ಸಾ. ಮರ ಅತ್ತಿದ್ದು ನನ್ ಮಗ, ಬಿದ್ದಿದ್ದು ಸೊಸೆ."